ಬೀರುವಿನ ಹಿಂದಿನ ಹಸಿರು ದೀಪ

ಹನ್ನೊಂದು ವರ್ಷದ ಮೇಲೆ ಅತ್ತಿಗೆ ಪೆರಿನಾ ಹೊಸ್ತಿಲಲ್ಲಿ ಬಂದು ನಿಂತಾಗ ಲುಕ್ರೆ ಹಿಟ್ಟು ಕಲಸುತ್ತಿದ್ದಳು. ಎರಡೂ ಕೈ ಮೊಣಕೈವರೆಗೆ ಹಿಟ್ಟು. ಬಾ ಎನ್ನಲು ಮನಸ್ಸಿಲ್ಲ, ಬಾಗಿಲು ಹಾಕಿಕೊಳ್ಳೋಣವೆಂದರೆ ಕೈ ಖಾಲಿಯಿಲ್ಲ. ಪೆರಿನಾ ಕೈಯಲ್ಲಿ ಸೋಪಿನ ಪೆಟ್ಟಿಗೆಯಷ್ಟು ದೊಡ್ಡ ಬಿಳಿ ಡಬ್ಬಿಯೊಂದಿತ್ತು.

“ಏನದು?” ಎಂದಳು ಲುಕ್ರೆ. ಹನ್ನೊಂದು ವರ್ಷದ ಮೌನ ಮುರಿಯಲು ಇದಕ್ಕಿಂತ ಒಳ್ಳೆಯ ಮಾತು ಅವಳಿಗೆ ಹೊಳೆಯಲಿಲ್ಲ.

“ವೈಫೈ ಎಕ್ಸ್‌ಟೆಂಡರ್ ಅಂತೆ. ಕರೆಂಟಿನ ಮಿಕುಲಾ ತಂದುಕೊಟ್ಟ. ಮೇಲಿನ ಸಿಗ್ನಲ್ ಹಿಡ್ಕೊಂಡು ಕೆಳಗಡೆಗೆ ದಾಟಿಸತ್ತೆ. ನಿನ್ನ ಅಡುಗೆಮನೇಲಿ ಒಂದು ಪ್ಲಗ್ಗಿಗೆ ಸಿಕ್ಕಿಸಬೇಕು ಲುಕ್ರೆ.”

“ನನ್ನ ಅಡುಗೆಮನೇನೇ ಬೇಕಾ? ಊರಲ್ಲಿ ಬೇರೆ ಗೋಡೆ ಇಲ್ವಾ?”

“ನಮ್ಮ ಮೇಲಿನ ಕೋಣೆಗೂ ಕೆಳಗಿನ ಕೋಣೆಗೂ ನಡುವೆ ಇರೋದು ನೀನೇ ಅಲ್ವಾ.”

ಅದೇನೋ ನಿಜ. ಇಳಿಜಾರಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಕಲ್ಲಿನ ಮನೆ ಅದು. ಅಪ್ಪ ತೀರಿಕೊಂಡ ಮೇಲೆ ನಮ್ಮ ದ್ವೀಪದ ಪದ್ಧತಿಯಂತೆ ಟೋಪಿಯೊಳಗೆ ಚೀಟಿ ಹಾಕಿ ಪಾಲು ಎತ್ತಿದರು. ರಸ್ತೆಯ ಕಡೆಯ ಮೇಲಿನ ಕೋಣೆಗಳು ಅಣ್ಣ ಯೆರ್ಕೊಗೆ, ಅದರ ಕೆಳಗಿನ ಅಡುಗೆಮನೆ ಲುಕ್ರೆಗೆ, ಎಲ್ಲಕ್ಕಿಂತ ತಳದಲ್ಲಿರುವ, ಹಿಂದೆ ವೈನ್ ಇಡುತ್ತಿದ್ದ ಹಳೆಯ ಪೀಪಾಯಿ ಕೋಣೆ ಮತ್ತೆ ಅಣ್ಣನಿಗೇ ಬಂತು. ಒಬ್ಬರನ್ನೊಬ್ಬರು ದಾಟದೆ ಬದುಕಲಾಗದಂತೆ ಮನೆ ಹಂಚಿಕೊಳ್ಳುವ ಜಾಣತನ ನಮ್ಮವರಿಗೆ ಮಾತ್ರ ಇದೆ. ಆಮೇಲೆ ಜಗಳ ಎಲ್ಲಿಂದ ಬಂತು ಸ್ವಾಮಿ ಎಂದು ಪಾದ್ರಿಯನ್ನು ಕೇಳುವವರೂ ನಾವೇ.

ಈ ಮನೆಗೆ ಜಗಳ ಬಂದದ್ದು ಅಂಗಳದ ಹಿಪ್ಪುನೇರಳೆ ಮರದಿಂದ. ಮರದ ಬೇರು ಮಳೆನೀರಿನ ತೊಟ್ಟಿಯ ಗೋಡೆ ಸೀಳಿ ಒಳಗೆ ನುಗ್ಗಿತ್ತು, ಬೇಸಿಗೆಯಲ್ಲಿ ಕುಡಿಯಲು ನೀರು ನಿಲ್ಲುತ್ತಿರಲಿಲ್ಲ. ಯೆರ್ಕೊ ತನ್ನ ಹಾಡಿನ ಗುಂಪಿನೊಂದಿಗೆ ಸಮುದ್ರದಾಚೆಯ ಪಟ್ಟಣಕ್ಕೆ ಸ್ಪರ್ಧೆಗೆ ಹೋಗಿದ್ದಾಗ ಲುಕ್ರೆ ಆಳು ಕರೆಸಿ ಮರ ಕಡಿಸಿದಳು. ಆ ನೆರಳಲ್ಲೇ ಗುಂಪು ಇಪ್ಪತ್ತು ವರ್ಷ ಹಾಡಿತ್ತು. ಅವರಮ್ಮ ಅಲ್ಲೇ ಕೂತು ಬಾದಾಮಿ ಒಡೆಯುತ್ತಿದ್ದಳು. ವಾಪಸ್ಸು ಬಂದ ಯೆರ್ಕೊ ಕಡಿದ ಬುಡವನ್ನು ನೋಡಿದ. ಮರುದಿನ ಭಾನುವಾರ ಪೂಜೆಗೂ ಹೋಗದೆ ಇಟ್ಟಿಗೆ ತಂದು, ಪೀಪಾಯಿ ಕೋಣೆಗೂ ತಂಗಿಯ ಅಡುಗೆಮನೆಗೂ ನಡುವಿದ್ದ ಬಾಗಿಲನ್ನು ಕಟ್ಟಿ ಮುಚ್ಚಿದ. ತೊಟ್ಟಿಯ ವಿಷಯದಲ್ಲಿ ತಂಗಿ ಸರಿ, ಮರದ ವಿಷಯದಲ್ಲಿ ಅಣ್ಣ ಸರಿ. ಹಾಗಾಗಿ ಇಬ್ಬರೂ ಸೋಲಲಿಲ್ಲ.

“ಅವನೇ ಕಳಿಸಿದ್ನಾ?” ಎಂದು ಕೇಳಿದಳು ಲುಕ್ರೆ.

“ಅವರಿಗೆ ಗೊತ್ತಾದ್ರೆ ಇದನ್ನ ಸಮುದ್ರಕ್ಕೆ ಎಸೀತಾರೆ,” ಎಂದು ಪೆರಿನಾ ಬಾಗಿಲ ಚೌಕಟ್ಟಿಗೆ ಒರಗಿದಳು. ಅವಳ ಮುಖ ಸೊರಗಿತ್ತು. ನವೆಂಬರಿನಲ್ಲಿ ಆಲಿವ್ ಕೀಳುವಾಗ ಯೆರ್ಕೊ ಏಣಿಯಿಂದ ಬಿದ್ದು ಸೊಂಟ ಮುರಿದುಕೊಂಡದ್ದು ಊರಿಗೆಲ್ಲ ಗೊತ್ತಿತ್ತು. ಆಸ್ಪತ್ರೆಯವರು ಕೊಟ್ಟ ಮಂಚ ಮೇಲಿನ ಕೋಣೆಗಳ ಕಿರಿದಾದ ಬಾಗಿಲಲ್ಲಿ ತೂರಲಿಲ್ಲ. ಅದಕ್ಕೇ ಅವನನ್ನು ಪೀಪಾಯಿ ಕೋಣೆಯಲ್ಲಿ ಮಲಗಿಸಿದ್ದರು. ಇಟ್ಟಿಗೆಯ ಆಚೆ ಅವನು ಕೆಮ್ಮಿದ್ದು ಲುಕ್ರೆಗೆ ಮೂರು ತಿಂಗಳಿಂದ ದಿನವೂ ಕೇಳಿಸುತ್ತಿತ್ತು. ಕೇಳಿಸಿಯೂ ಕೇಳಿಸದಂತೆ ಪಾತ್ರೆ ತೊಳೆಯುತ್ತಿದ್ದಳು.

“ಊರುಗೋಲು ಹಿಡಿದು ನಿಲ್ಲಿ ಅಂತಾರೆ ಡಾಕ್ಟ್ರು. ನಿಂತು ಏನ್ಮಾಡ್ಲಿ ಅಂತಾರೆ ಇವರು. ಗುಂಪಿನವರು ವೈನ್ ಹಿಡ್ಕೊಂಡು ನೋಡೋಕೆ ಬಂದ್ರೆ ಗೋಡೆ ಕಡೆ ಮುಖ ತಿರುಗಿಸಿದ್ರು. ನಾನು ನಿಂತ ದಿನ ಬನ್ನಿ, ಮಲಗಿರೋದನ್ನ ನೋಡೋಕೆ ಬರಬೇಡಿ ಅಂದ್ರು. ಈಗ ಗುಂಪಿನವರು ಬೂದಿ ಬುಧವಾರದವರೆಗೆ ಕಾಯ್ತಾರಂತೆ. ಶುಭ ಶುಕ್ರವಾರದ ಮೆರವಣಿಗೆಗೆ ಮೂರನೇ ದನಿ ಬೇಕೇ ಬೇಕಲ್ಲ, ಪಕ್ಕದೂರಿಂದ ಒಬ್ಬನ್ನ ಕರ್ಕೋತಾರೆ. ಆ ಜಾಗಾನೂ ಹೋದ್ರೆ ಇವರು ಏಳಲ್ಲ ಲುಕ್ರೆ. ಬರೆದಿಟ್ಕೋ. ಗುರುವಾರದ ಅಭ್ಯಾಸಾನ ಫೋನಲ್ಲಿ ಕೇಳಿಸ್ತೀನಿ, ಕೇಳ್ತಾ ಕೇಳ್ತಾ ಬಾಯಿ ಬಿಟ್ಟಾರು ಅಂತ. ಆ ಕೋಣೇಲಿ ಸಿಗ್ನಲ್ಲೇ ಇಲ್ಲ. ಮೊಳ ದಪ್ಪದ ಕಲ್ಲು.”

ಆ ಗುಂಪಿನಲ್ಲಿ ಎಂಟು ಗಂಡಸರು. ವಾದ್ಯವಿಲ್ಲ, ಭುಜಕ್ಕೆ ಭುಜ ತಾಗಿಸಿ ಅರ್ಧ ಬಳೆಯಾಗಿ ನಿಂತು ಹಾಡುತ್ತಾರೆ. ಮೇಲಿನ ದನಿ ಕರೆಂಟಿನ ಕೆಲಸದ ಮಿಕುಲಾನದು. ಜನ ಚಪ್ಪಾಳೆ ತಟ್ಟುವುದು ಅವನಿಗೆ. ಯೆರ್ಕೊನ ಮೂರನೆಯ ದನಿ ಇದ್ದಾಗ ಯಾರಿಗೂ ಗೊತ್ತಾಗುವುದಿಲ್ಲ, ಇಲ್ಲದಾಗ ಹಾಡು ಕುಂಟುತ್ತದೆ.

ಲುಕ್ರೆ ಹಿಟ್ಟಿನತ್ತ ಬಗ್ಗಿದಳು. “ಸಿಕ್ಕಿಸಿ ಅತ್ತಿಗೆ. ಉರಿದ್ರೆ ನನ್ನ ಕರೆಂಟೇ ಉರೀಲಿ.”

ಸಿಕ್ಕಿಸುವುದು ಅಷ್ಟು ಸುಲಭವಿರಲಿಲ್ಲ. ಮಿಕುಲಾ ಹೇಳಿಕೊಟ್ಟದ್ದು ಇಷ್ಟು: ದೀಪ ಕೆಂಪಗಿದ್ದರೆ ಡಬ್ಬಿಗೆ ಮೇಲಿನ ಸಿಗ್ನಲ್ ಸರಿಯಾಗಿ ಸಿಗುತ್ತಿಲ್ಲ, ಹಸಿರಾದರೆ ಸಿಕ್ಕಿದೆ. ಫ್ರಿಜ್ಜಿನ ಪಕ್ಕ ಕೆಂಪು. ಒಲೆಯ ಹತ್ತಿರವೂ ಕೆಂಪು. ಕಿಟಕಿಯ ಬಳಿ ಹಸಿರು ಬಂತು, ಪೆರಿನಾ ಫೋನು ಹಿಡಿದು ಹೊರಮೆಟ್ಟಿಲಿಳಿದು ಪೀಪಾಯಿ ಕೋಣೆಗೆ ಓಡಿದಳು, ಅಲ್ಲಿ ಏನೂ ಇಲ್ಲ. ಏದುಸಿರು ಬಿಡುತ್ತ ಹತ್ತಿ ಬಂದಳು. ಉಳಿದಿದ್ದು ಒಂದೇ ಪ್ಲಗ್ಗು. ಅದು ಎಲ್ಲಿದೆಯೆಂದು ಲುಕ್ರೆಗೆ ಮೊದಲಿನಿಂದಲೂ ಗೊತ್ತಿತ್ತು. ಅದಕ್ಕೇ ಬಾಯಿ ಬಿಟ್ಟಿರಲಿಲ್ಲ.

“ಬೀರುವಿನ ಹಿಂದೆ ಒಂದಿದೆ,” ಎಂದಳು ಕೊನೆಗೆ.

ಅಮ್ಮನ ಕಾಲದ ಆ ಓಕ್ ಮರದ ಬೀರು ಅಲ್ಲಿಗೆ ಬಂದದ್ದು ಆ ಭಾನುವಾರದ ಮರುದಿನ. ಅಣ್ಣ ಕಟ್ಟಿದ ಇಟ್ಟಿಗೆ ಕಣ್ಣಿಗೆ ಬೀಳಬಾರದೆಂದು ಲುಕ್ರೆ ಒಬ್ಬಳೇ ಹಲ್ಲು ಕಚ್ಚಿ ಎಳೆದು ತಂದಿಟ್ಟಿದ್ದಳು. ಸಿಟ್ಟಿಗೆ ಎಂಥ ಬಲ! ಈಗ ಇಬ್ಬರು ಸೇರಿ ತಳ್ಳಿದರೂ ಅದು ಅಲುಗಾಡಲಿಲ್ಲ.

“ಒಳಗೇನಿಟ್ಟಿದ್ದೀಯ, ಹಡಗಿನ ಲಂಗರಾ?”

“ಅಮ್ಮನ ಪಿಂಗಾಣಿ. ನಿಮ್ಮ ಪಾಲೂ ಅದರಲ್ಲೇ ಇದೆ, ಮೆಲ್ಲಗೆ ತಳ್ಳಿ.”

“ನನ್ನ ಪಾಲಿನ ಕಡೆ ನೀನು ತಳ್ಳು, ನಿನ್ನ ಪಾಲಿನ ಕಡೆ ನಾನು ತಳ್ತೀನಿ.”

ಲುಕ್ರೆಗೆ ನಗು ಬಂತು. ಬೀರು ಕಿರುಗುಟ್ಟಿ ಪಕ್ಕಕ್ಕೆ ಸರಿಯಿತು. ಹಿಂದೆ ಬಾಗಿಲಿನ ಆಕಾರದಲ್ಲೇ ಉಬ್ಬುತಗ್ಗಾದ ಗಾರೆ. ಹುಟ್ಟಾ ಮೀನುಗಾರ ಯೆರ್ಕೊ. ಗಾರೆ ಕೆಲಸ ಅವನಿಗೆಲ್ಲಿ ಬರಬೇಕು? ಒಂದೇ ಸಾಲು ಟೊಳ್ಳು ಇಟ್ಟಿಗೆ ಇಟ್ಟು, ಮೇಲೆ ಕೈಯಿಂದಲೇ ಗಾರೆ ಮೆತ್ತಿದ್ದ. ಬೆರಳಿನ ಗುರುತು ಹಾಗೇ ಇತ್ತು. ಲುಕ್ರೆ ಅದರ ಮೇಲೆ ತನ್ನ ಹಿಟ್ಟಿನ ಕೈ ಇಡಹೋಗಿ ಅತ್ತಿಗೆ ನೋಡಿಯಾಳೆಂದು ಹಿಂದಕ್ಕೆಳೆದುಕೊಂಡಳು.

ಡಬ್ಬಿ ಸಿಕ್ಕಿಸಿದರು. ಕೆಂಪು ಮಿಟುಕಿತು, ಹಳದಿ ಮಿಟುಕಿತು, ಆಮೇಲೆ ಹಸಿರು ಗಟ್ಟಿಯಾಗಿ ನಿಂತಿತು. ಪೆರಿನಾ ಮತ್ತೆ ಕೆಳಕ್ಕೆ ಓಡಿದಳು. ಎರಡು ನಿಮಿಷದಲ್ಲಿ ಇಟ್ಟಿಗೆಯ ಆಚೆಯಿಂದ, ಕಿವಿಯ ಪಕ್ಕದಲ್ಲೇ ನಿಂತಂತೆ, ಅವಳ ದನಿ ಬಂತು. “ಬಂತು! ಬಂತು ಕಣೇ!”

“ಯಾರ ಹತ್ರ ಕಿರುಚ್ತಿದ್ದೀಯ?” ಎಂದು ಯೆರ್ಕೊ ಗದರಿದ್ದೂ ಅಷ್ಟೇ ಹತ್ತಿರ ಕೇಳಿಸಿತು. ಮೊಳ ದಪ್ಪದ ಕಲ್ಲಿನ ಮನೆಯಲ್ಲಿ ಇದೊಂದೇ ತೆಳು ಜಾಗ. ಅದನ್ನು ಮಾಡಿದವನು ಸಿಟ್ಟಿನಲ್ಲಿದ್ದ ಅಣ್ಣನೇ.

ಮೊದಲ ಗುರುವಾರ ಸಂಜೆ ಆರಕ್ಕೆ ಲುಕ್ರೆ ಶಾಲೆಯ ಅಡುಗೆ ಕೆಲಸ ಮುಗಿಸಿ ಬಂದು, ಹೊಲಿಗೆ ಹಿಡಿದು ಆ ಗೋಡೆಯ ಪಕ್ಕ ಕೂತಳು. ಹೊಲಿದದ್ದೆಷ್ಟೋ! ಫೋನಿನೊಳಗಿಂದ ಏಳು ಗಂಡಸರ ದನಿ ಡಬ್ಬದಲ್ಲಿ ಹಾಡಿದಂತೆ ಬರುತ್ತಿತ್ತು. ಯೆರ್ಕೊ ಹಾಡಲಿಲ್ಲ. ಅವನ ಮುಖ ಕಾಣದಿರಲೆಂದು ಪೆರಿನಾ ಫೋನನ್ನು ಸೂರಿನ ತೊಲೆಗಳ ಕಡೆ ತಿರುಗಿಸಿಟ್ಟಿದ್ದಳಂತೆ. ಮರುದಿನ ಮೆಟ್ಟಿಲಲ್ಲಿ ಸಿಕ್ಕಾಗ ಹೇಳಿದಳು: “ಡಬ್ಬಿ ಎಲ್ಲಿಟ್ಟಿದ್ದೀಯ ಅಂತ ಕೇಳಿದ್ರು. ಸುಳ್ಳು ಹೇಳೋಕಾಗಲಿಲ್ಲ, ಹೇಳಿಬಿಟ್ಟೆ.”

“ಏನಂದ?”

“ಹೂಂ ಅಂದ್ರು. ಆಮೇಲೆ ಊಟ ಪೂರ್ತಿ ಮಾಡಿದ್ರು.”

ಅವತ್ತು ಲುಕ್ರೆ ಡಬ್ಬಿಯ ಮೇಲೆ ತಾನೇ ಹೆಣೆದ ಬಿಳಿ ಕ್ರೋಷಾ ಬಟ್ಟೆ ಹೊದಿಸಿದಳು. ಅಮ್ಮ ರೇಡಿಯೋಗೆ ಹಾಗೆಯೇ ಹೊದಿಸುತ್ತಿದ್ದಳು. ಪೆರಿನಾ ನೋಡಿ, “ಅದಕ್ಕೆ ಉಸಿರು ಕಟ್ಟತ್ತೆ ಕಣೇ, ಬಿಸಿಯಾಗತ್ತೆ,” ಎಂದು ತೆಗೆದು ಮಡಿಸಿಟ್ಟಳು. ಈಗೀಗ ಏನಾದರೊಂದು ನೆಪ ಮಾಡಿಕೊಂಡು ಅವಳು ದಿನಕ್ಕೆರಡು ಸಲ ಬರುತ್ತಿದ್ದಳು.

ಎರಡನೆಯ ಗುರುವಾರ ತೆಂಕಣ ಗಾಳಿ ಎದ್ದಿತು. ಸಮುದ್ರ ಕಪ್ಪಾಯಿತು. ಗೋಡೆಯಾಚೆ ಗುಂಪು ಹಾಡುತ್ತಿರುವಾಗಲೇ ಮನೆಯ ನೆತ್ತಿಯ ಮೇಲೆ ಗುಡುಗಿತು. ಗುಡುಗು ಕೇಳಿದರೆ ನಮ್ಮ ದ್ವೀಪದಲ್ಲಿ ಯಾವ ಹೆಂಗಸೂ ಯೋಚನೆ ಮಾಡುತ್ತ ಕೂರುವುದಿಲ್ಲ, ಎದ್ದು ಓಡಿ ಮನೆಯ ಪ್ಲಗ್ಗುಗಳನ್ನೆಲ್ಲ ಕೀಳುತ್ತಾಳೆ. ಸಿಡಿಲು ತಂತಿಯಲ್ಲಿ ಬಂದು ರೇಡಿಯೋ ಸುಟ್ಟ ಕಥೆ ಪ್ರತಿ ಮನೆಯಲ್ಲೂ ಒಂದಿದೆ. ಲುಕ್ರೆ ರೇಡಿಯೋ ಕಿತ್ತಳು, ಫ್ರಿಜ್ಜು ಕಿತ್ತಳು, ಇಸ್ತ್ರಿಪೆಟ್ಟಿಗೆ ಕಿತ್ತಳು, ಅದೇ ಓಟದಲ್ಲಿ ಡಬ್ಬಿಯನ್ನೂ ಕಿತ್ತಳು.

ಆಚೆ ಕಡೆ ಏಳು ದನಿಗಳು ಥಟ್ಟನೆ ನಿಂತವು. ಒಂದೇ ಒಂದು ದನಿ ಮಾತ್ರ, ಆಸರೆಯಿಲ್ಲದೆ, ಎರಡು ಪದದಷ್ಟು ದೂರ ನಡೆದು ನಿಂತಿತು. ಅದು ಯೆರ್ಕೊನದು. ಅವನು ಹಾಡಲು ಶುರುಮಾಡಿದ್ದ.

ಲುಕ್ರೆ ಬೆಚ್ಚಗಿನ ಡಬ್ಬಿಯನ್ನು ಕೈಯಲ್ಲಿ ಹಿಡಿದು ಕಲ್ಲಾಗಿ ನಿಂತಳು. ಇಟ್ಟಿಗೆಯಾಚೆಯಿಂದ ಅಣ್ಣನ ಮಾತು ಸ್ಪಷ್ಟವಾಗಿ ಕೇಳಿಸಿತು.

“ನಂಗೆ ಗೊತ್ತಿತ್ತು. ಮರ ಕಡಿಸಿದ ಕೈ ಅದು.”

ಪೆರಿನಾ ಮಳೆಯಲ್ಲಿ ನೆನೆದುಕೊಂಡೇ ನುಗ್ಗಿ ಬಂದಳು. “ಇವತ್ತು ಬಾಯಿ ಬಿಟ್ಟಿದ್ರು! ಮೂರು ತಿಂಗಳಲ್ಲಿ ಇವತ್ತು! ನಿನಗೆ ಅಷ್ಟೂ ತಡೆಯೋಕಾಗಲಿಲ್ವಾ? ಬೇಕಂತಲೇ ಕಿತ್ತೆ!”

“ಗುಡುಗ್ತು ಅತ್ತಿಗೆ...” ಲುಕ್ರೆ ಡಬ್ಬಿಯನ್ನು ಮುಂದೆ ಚಾಚಿದಳು.

ಪೆರಿನಾ ಸುತ್ತ ನೋಡಿದಳು. ರೇಡಿಯೋ ವೈರು ನೆಲದಲ್ಲಿ, ಫ್ರಿಜ್ಜಿನ ವೈರು ನೆಲದಲ್ಲಿ, ಇಸ್ತ್ರಿಪೆಟ್ಟಿಗೆಯದೂ ನೆಲದಲ್ಲಿ. ಅವಳು ಕುರ್ಚಿ ಎಳೆದುಕೊಂಡು ಕುಸಿದಳು. “ನಾನೂ ಮೇಲೆ ಟಿವಿ ಕಿತ್ತೇ ಬಂದೆ,” ಎಂದಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ಅವಳಿಗೇ ತಿಳಿದಿರಲಿಲ್ಲ. “ಅವರಿಗೆ ಹೇಳ್ತೀನಿ ಬಿಡು.”

“ಹೇಳಬೇಡಿ. ಅವನು ನಂಬಲ್ಲ.”

ಆ ವಾರವಿಡೀ ಲುಕ್ರೆಗೆ ಜೀವ ಜೀವದಲ್ಲಿರಲಿಲ್ಲ. ಶಾಲೆಯ ಅಡುಗೆಯಲ್ಲಿ ಎರಡು ದಿನ ಉಪ್ಪು ಎರಡು ಸಲ ಬಿತ್ತು. ಅಣ್ಣ ಬೈದದ್ದು ಅವಳಿಗೆ ಹೊಸದಲ್ಲ, ಆದರೆ ಈ ಸಲ ತಪ್ಪು ಮಾಡದೆ ಬೈಸಿಕೊಂಡಿದ್ದಳು. ಅದಕ್ಕಿಂತ ಹೆಚ್ಚಾಗಿ, ಆ ಎರಡು ಪದಗಳು ಅವಳನ್ನು ಬಿಡಲಿಲ್ಲ. ಎಷ್ಟು ಸಣ್ಣಗಾಗಿಬಿಟ್ಟಿತ್ತು ಆ ದನಿ!

ಮೂರನೆಯ ಗುರುವಾರವೇ ಕೊನೆಯದು. ಮುಂದಿನ ವಾರ ಬೂದಿ ಬುಧವಾರ, ಅಲ್ಲಿಂದ ಉಪವಾಸ ಶುರು. ಆಕಾಶದಲ್ಲಿ ಒಂದು ಚೂರು ಮೋಡವಿರಲಿಲ್ಲ. ಉಪವಾಸದ ದಿನಗಳಿಗೆ ಮುಂಚೆ ಎಲ್ಲರ ಮನೆಯಲ್ಲೂ ಮಾಡುವಂತೆ ಲುಕ್ರೆ ಒಣದ್ರಾಕ್ಷಿ ಹಾಕಿದ ಸಿಹಿ ಉಂಡೆಗಳನ್ನು ಕರಿದು, ಒಲೆ ಆರಿಸಿ, ಡಬ್ಬಿಯ ಪಕ್ಕ ಸ್ಟೂಲು ಹಾಕಿಕೊಂಡು ಕಾವಲು ಕೂತಳು. ದೀಪ ಹಸಿರಾಗಿತ್ತು. ಇವತ್ತು ಸಿಡಿಲು ಬಡಿದರೂ ಮುಟ್ಟುವುದಿಲ್ಲ ಎಂದುಕೊಂಡಳು.

ಆಚೆ ಫೋನಿನಲ್ಲಿ ಮಿಕುಲಾ ಹಾಡು ಎತ್ತಿದ. ಒಂದೊಂದೇ ದನಿ ಸೇರಿತು. ಮೂರನೆಯದಾಗಿ ಯೆರ್ಕೊ ಸೇರಿದ. ಆದರೆ ನಾಲ್ಕು ಸಾಲು ಮುಗಿಯುವಷ್ಟರಲ್ಲಿ ಹಾಡು ಎಳೆದಾಡಿ, ಹರಿದು, ನಿಂತುಹೋಯಿತು.

“ನೀನು ಹಿಂದೆ ಬೀಳ್ತಿದ್ದೀಯ ಯೆರ್ಕೊ,” ಎಂದ ಮಿಕುಲಾ.

“ನಾನೆಲ್ಲಿ ಬಿದ್ದೆ? ನೀವು ಓಡ್ತಿದ್ದೀರಿ.”

ಮತ್ತೆ ಹಾಡಿದರು, ಮತ್ತೆ ಹಾಗೇ ಆಯಿತು. ಮೂರನೆಯ ಸಲ ಮಿಕುಲಾ ನಿಟ್ಟುಸಿರಿಟ್ಟ. “ನಿನ್ನ ತಪ್ಪಲ್ಲ ಮಾರಾಯ. ನಮ್ಮ ದನಿ ನಿನ್ನ ಹತ್ರ ಬಂದು, ನಿಂದು ವಾಪಸ್ಸು ಬರೋಷ್ಟರಲ್ಲಿ ಒಂದು ಉಸಿರಷ್ಟು ತಡ ಆಗತ್ತೆ. ಮಾತಿಗೆ ಆಗತ್ತೆ, ಹಾಡಿಗೆ ಆಗಲ್ಲ. ಯಾವ ಡಬ್ಬಿ ಇಟ್ರೂ ಅಷ್ಟೇ. ಇದು ನಂಗೆ ಮೊದಲೇ ಹೊಳೀಬೇಕಿತ್ತು.”

“ಇರಲಿ ಬಿಡಿ,” ಎಂದ ಯೆರ್ಕೊ. “ಆ ಪಕ್ಕದೂರಿನವನನ್ನೇ ಕರ್ಕೊಳ್ಳಿ. ಒಳ್ಳೇ ದನಿ ಅವನಿಗೆ.”

ಅವನ ಮಾತಿನಲ್ಲಿ ಸಿಟ್ಟಿರಲಿಲ್ಲ. ಲುಕ್ರೆಗೆ ಹೆದರಿಕೆಯಾದದ್ದು ಅದಕ್ಕೇ. ಸಿಟ್ಟಿಲ್ಲದ ಅಣ್ಣನನ್ನು ಅವಳು ಎಂದೂ ಕಂಡವಳಲ್ಲ. ಇದು ಎಲ್ಲ ಬಿಟ್ಟುಕೊಟ್ಟವನ ದನಿ. ಅವಳು ದೀಪ ನೋಡಿದಳು, ಅದು ಇನ್ನೂ ಹಸಿರಾಗಿಯೇ ಇತ್ತು. ಅದರಿಂದ ಆಗುವಷ್ಟನ್ನೆಲ್ಲ ಅದು ಮಾಡಿತ್ತು.

ಆಗ ಲುಕ್ರೆ, ತಾನೇನು ಮಾಡುತ್ತಿದ್ದೇನೆಂದು ಯೋಚಿಸುವ ಮೊದಲೇ, ಗಾರೆಗೆ ಹಣೆ ತಾಗಿಸಿ ಹಾಡತೊಡಗಿದಳು. ಬಾದಾಮಿ ಒಡೆಯುವಾಗ ಅಮ್ಮ ಹಾಡುತ್ತಿದ್ದ ಹಾಡು. ದೋಣಿ ಬರುವ ತನಕ ತಾಳು ಎಂದು ಹೆಂಗಸೊಬ್ಬಳು ಗಾಳಿಗೆ ಬುದ್ಧಿ ಹೇಳುವ ಹಾಡು. ಚಿಕ್ಕಂದಿನಲ್ಲಿ ಮೇಲಿನ ದನಿ ಯಾವಾಗಲೂ ಲುಕ್ರೆಯದು. ಯೆರ್ಕೊ ಕೆಳಗಿನಿಂದ ಬಂದು ಸೇರುತ್ತಿದ್ದ. ಅವನು ಮೂರನೆಯ ದನಿ ಕಲಿತದ್ದೇ ಅವಳ ಕೆಳಗೆ. ಗಂಡಸರ ಗುಂಪು ಅವನನ್ನು ಕರೆದುಕೊಂಡಿತು, ಅವಳನ್ನು ಯಾರೂ ಕರೆಯಲಿಲ್ಲ. ಆಮೇಲೆ ಅವಳು ಹಾಡಿರಲಿಲ್ಲ.

ಮೊದಲ ಸಾಲು ಒಬ್ಬಳೇ ಹಾಡಿದಳು. ಆಚೆ ಮಂಚವೂ ಕಿರುಗುಟ್ಟಲಿಲ್ಲ. ಎರಡನೆಯ ಸಾಲಿನಲ್ಲಿ ದನಿ ನಡುಗಿ ಒಡೆಯಿತು. ನಾಚಿಕೆಯಿಂದ ಮುಖ ಬಿಸಿಯಾಯಿತು, ಇನ್ನು ನಿಲ್ಲಿಸಬೇಕು ಎಂದುಕೊಂಡಳು.

ಮೂರನೆಯ ಸಾಲಿಗೆ ಅಣ್ಣ ಬಂದ. ನಿಧಾನವಾಗಿ ಕೆಳಗಿನಿಂದ ಬಂದು, ಬೀಳುತ್ತಿದ್ದ ಅವಳ ದನಿಗೆ ಹೆಗಲು ಕೊಟ್ಟ. ಒಂದು ಉಸಿರು ತಡವಿಲ್ಲ, ಅರ್ಧ ಉಸಿರೂ ಇಲ್ಲ. ಇಬ್ಬರ ನಡುವೆ ಇದ್ದದ್ದು ಒಂದು ಸಾಲು ಇಟ್ಟಿಗೆ ಮಾತ್ರ. ಲುಕ್ರೆಯ ಕಣ್ಣಿಂದ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಇಷ್ಟು ವರ್ಷ ಅವನು ತನಗೆ ಎಷ್ಟು ಬೇಕಾಗಿದ್ದ ಎಂಬುದು ಅವಳಿಗೆ ಆ ಕ್ಷಣ ತಿಳಿಯಿತು.

ಹಾಡು ಮುಗಿಯಿತು. ಫೋನು ಇನ್ನೂ ಆರಿಸಿರಲಿಲ್ಲ. ಏಳು ಗಂಡಸರೂ ಕೇಳಿದ್ದರು.

“ಯೆರ್ಕೊ, ಯಾರದು?” ಎಂದು ಮಿಕುಲಾ ಮೆಲ್ಲಗೆ ಕೇಳಿದ.

“ನನ್ನ ತಂಗಿ.”

ಆಮೇಲೆ ಗೋಡೆಯ ಕಡೆ ತಿರುಗಿ ಅವನು ಕರೆದ. “ಲುಕ್ರೆ.”

“ಏನಣ್ಣಾ.”

“ಎರಡನೇ ಸಾಲಲ್ಲಿ ಜಾರಿಬಿಟ್ಟೆ.”

“ನೀನು ಗೋಡೆ ಕಟ್ಟಿರೋದೂ ಸೊಟ್ಟಗೇ ಇದೆ.” ಅವಳು ಮೂಗು ಸೀಟಿಕೊಂಡಳು. “ಗುಡುಗಿತು ಅಂತ ಕಿತ್ತೆ ಅಣ್ಣ. ನಿನ್ನ ಮೇಲಿನ ಸಿಟ್ಟಿಗಲ್ಲ.”

“ಗೊತ್ತು. ಪೆರಿನಾ ಅವತ್ತೇ ಹೇಳಿದ್ಲು. ಅಮ್ಮನೂ ಹಂಗೇ ಓಡ್ತಿದ್ಲು.” ಮಂಚ ಕಿರುಗುಟ್ಟಿತು. “ತೊಟ್ಟಿ ನೀರು ಹೆಂಗಿದೆ?”

ಹನ್ನೊಂದು ವರ್ಷದಿಂದ ಅವನು ಆ ತೊಟ್ಟಿಯ ನೀರು ಮುಟ್ಟಿರಲಿಲ್ಲ. ಊರಿನ ನಲ್ಲಿಯಿಂದ ಹೊತ್ತು ತರುತ್ತಿದ್ದ.

“ಸಿಹಿಯಾಗಿದೆ.”

“ಹಂಗಾದ್ರೆ ಒಂದು ಲೋಟ ಕಳಿಸು. ಗಂಟಲು ಒಣಗಿದೆ.”

ಶನಿವಾರ ಮಧ್ಯಾಹ್ನ ಏಳು ಜನರೂ ಲುಕ್ರೆಯ ಅಡುಗೆಮನೆಗೆ ಬಂದಿಳಿದರು. ಬೂದಿ ಬುಧವಾರಕ್ಕೆ ಇನ್ನೂ ನಾಲ್ಕು ದಿನವಿತ್ತು. ಯೆರ್ಕೊ ಆಚೆಯಿಂದ, ತಾವು ಈಚೆಯಿಂದ ಹಾಡುವುದೆಂದು ಅವರೇ ಗೊತ್ತುಮಾಡಿಕೊಂಡಿದ್ದರು. ಮಲಗಿದವನನ್ನು ಯಾರೂ ನೋಡಿದಂತಾಗುವುದಿಲ್ಲ. ಕರಿದ ಉಂಡೆಗಳ ತಟ್ಟೆ ಎರಡು ಸಲ ಖಾಲಿಯಾಯಿತು. ಮಿಕುಲಾ ಗೋಡೆಯನ್ನು ಬೆರಳಿಂದ ತಟ್ಟಿ ನೋಡಿ, “ಇದೇನ್ ಗೋಡೆನಾ, ಬಿಸ್ಕತ್ತಾ? ಒಂದು ಸುತ್ತಿಗೆ ಏಟಿಗೆ ಬೀಳತ್ತೆ,” ಎಂದ. ಚೀಲದಿಂದ ಸುತ್ತಿಗೆಯನ್ನೂ ತೆಗೆದ.

“ಯಾವನೂ ಮುಟ್ಟಬೇಡಿ,” ಎಂದು ಆಚೆಯಿಂದ ಕೂಗಿದ ಯೆರ್ಕೊ. “ಕಟ್ಟಿದವನು ನಾನು. ಪೆರಿನಾ ಬರ್ತಾಳೆ, ಸುತ್ತಿಗೆ ಅವಳ ಕೈಗೆ ಕೊಡಿ.”

ಆಮೇಲೆ ಬಹಳ ಹೊತ್ತು ಸದ್ದುಗಳಷ್ಟೇ ಕೇಳಿಸಿದವು. ಮಂಚದ ಕಿರುಗುಟ್ಟು. ಊರುಗೋಲು ಕಲ್ಲಿಗೆ ತಾಗಿದ್ದು. ಒಂದು ನರಳಿಕೆ, ಒಂದು ಬೈಗುಳ. “ನನ್ನ ಭುಜ ಹಿಡ್ಕೊಳ್ಳಿ... ನಿಧಾನ... ನಿಧಾನ...” ಎನ್ನುತ್ತಿದ್ದಳು ಪೆರಿನಾ. ಅಡುಗೆಮನೆಯಲ್ಲಿ ಯಾರೂ ಅಗಿಯಲಿಲ್ಲ. ಲುಕ್ರೆ ಧೂಳು ಬಿದ್ದೀತೆಂದು ಡಬ್ಬಿಯನ್ನು ಕಿತ್ತು ಏಪ್ರನ್ನಿನ ಜೇಬಿಗೆ ಹಾಕಿಕೊಂಡಳು. ಈ ಸಲ ಯಾರೂ ಕೂಗಾಡಲಿಲ್ಲ.

ಆಚೆಯಿಂದ, ಎದೆಯ ಎತ್ತರದಲ್ಲಿ ಏಟು ಬಿತ್ತು. ಎರಡನೆಯದಕ್ಕೆ ಗಾರೆ ಉದುರಿತು. ಮೂರನೆಯದಕ್ಕೆ ಇಟ್ಟಿಗೆಯೊಂದು ಈಚೆ ಬಿದ್ದು ನೆಲದಲ್ಲಿ ಎರಡು ಹೋಳಾಯಿತು. ಆ ಕಿಂಡಿಗೆ ಯೆರ್ಕೊ ಬಗ್ಗಿ ಮುಖ ತಂದ. ಗಡ್ಡ ಬೆಳೆದಿತ್ತು, ಹುಬ್ಬಿನ ಮೇಲೆ ಧೂಳು, ಕಾಲು ನಡುಗುತ್ತಿದ್ದುದಕ್ಕೆ ಮುಖವೂ ನಡುಗುತ್ತಿತ್ತು. ಆದರೆ ನಿಂತಿದ್ದ.

“ಎಷ್ಟು ಹೊತ್ತು ನಿಲ್ತೀಯ ಅಣ್ಣ?” ಎಂದಳು ಲುಕ್ರೆ.

“ಒಂದು ಹಾಡಿಗಾಗೋಷ್ಟು,” ಎಂದ ಯೆರ್ಕೊ. ಮಿಕುಲಾನ ಕಡೆ ನೋಡಿದವನು ಗದ್ದ ಅಲ್ಲಾಡಿಸಿ ತಂಗಿಯನ್ನು ತೋರಿಸಿದ. “ಇವತ್ತು ಮೇಲಿನ ದನಿ ಅವಳದು.”

ಏಳು ಗಂಡಸರು ಸ್ವಲ್ಪ ಸರಿದು ಅರ್ಧ ಬಳೆಯ ನಡುವೆ ಅವಳಿಗೆ ಜಾಗ ಬಿಟ್ಟರು. ಲುಕ್ರೆ ಕೈ ಒರೆಸಿಕೊಂಡು ಹೋಗಿ ನಿಂತಳು.